ಕಾಲೇಜಿಗೂ ಒಂದು ಮಾರ್ಕ್ಸ್ ಕಾರ್ಡ್

ಲಂಡನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ 1930ರಲ್ಲಿ ಭಾರತದ ವೈದ್ಯ ಪದವಿಗಳಿಗೆ ಕೊಟ್ಟಿದ್ದ ಮನ್ನಣೆಯನ್ನು ಹಿಂದಕ್ಕೆ ಪಡೆಯಿತು. ಜಗಳ ಹುಟ್ಟಿದ್ದು ಹೆರಿಗೆಯ ವಿಚಾರದಲ್ಲಿ. ಇಲ್ಲಿನ ಮೆಡಿಕಲ್ ವಿದ್ಯಾರ್ಥಿಗಳಿಗೆ ಹೆರಿಗೆ ಮಾಡಿಸುವ ತರಬೇತಿ ಸಾಲದು ಎಂದು ಕೌನ್ಸಿಲ್ ಬಹಳ ದಿನಗಳಿಂದ ಗೊಣಗುತ್ತಿತ್ತು. 1920ರ ದಶಕದಲ್ಲಿ ತಪಾಸಣೆಗೆ ಅಧಿಕಾರಿಗಳು ಬಂದರು, ವರದಿ ಬರೆದರು. ಮುಂದೆ ತಪಾಸಣೆಯ ಹಕ್ಕು ಯಾರದು, ಅದರ ಖರ್ಚು ಯಾರದು ಎಂಬಲ್ಲಿಗೆ ಮಾತು ಬೆಳೆದು ಮನ್ನಣೆಯೇ ರದ್ದಾಯಿತು. ಓದಿದ ಪುಸ್ತಕ ಅದೇ, ಪಾಸಾದ ಪರೀಕ್ಷೆಯೂ ಅದೇ. ಆದರೆ ಆ ಪದವಿಯ ಬಲದಿಂದ ಬ್ರಿಟನ್ನಿನಲ್ಲಿ ವೈದ್ಯರಾಗಿ ನೋಂದಾಯಿಸಿಕೊಳ್ಳುವ ದಾರಿ ಮುಚ್ಚಿತು.

ಅವಮಾನವೆನಿಸಿದರೂ ಅದರಿಂದ ಒಂದು ಕೆಲಸವಾಯಿತು. ನಮ್ಮ ಕಾಲೇಜುಗಳನ್ನು ನಾವೇ ನೋಡಿಕೊಳ್ಳುತ್ತೇವೆಂದು 1933ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತಿನ ಕಾಯ್ದೆ ಬಂತು. ಮರುವರ್ಷ ಪರಿಷತ್ತು ಕೆಲಸ ಶುರುಮಾಡಿತು. ಕಾಲೇಜಿನ ಒಳಗೆ ಹೋಗಿ ಹಾಸಿಗೆ ಎಷ್ಟಿವೆ, ಕಲಿಸುವವರು ಯಾರಿದ್ದಾರೆ ಎಂದು ಎಣಿಸುವ ಕೆಲಸಕ್ಕೆಂದೇ ದೇಶಮಟ್ಟದಲ್ಲಿ ಒಂದು ಸಂಸ್ಥೆ ಹುಟ್ಟಿತು. ಆದರೆ ಅದು ವೈದ್ಯ ವಿದ್ಯೆಗೆ ಮಾತ್ರ. ಬಿ.ಎ., ಬಿ.ಎಸ್‌ಸಿ. ಓದುವವರ ಕಾಲೇಜಿನೊಳಗೆ ಅದೇ ಬಗೆಯ ಕಣ್ಣು ಬೀಳಲು ಇನ್ನೂ ಅರವತ್ತು ವರ್ಷ ಬೇಕಾಯಿತು.

ಈ ತಡಕ್ಕೆ ಕಾರಣ 1857ರಲ್ಲೇ ಇದೆ. ಚಾರ್ಲ್ಸ್ ವುಡ್‌ನ 1854ರ ಶಿಕ್ಷಣ ಪತ್ರದ ಬೆನ್ನಿಗೆ ಕಲ್ಕತ್ತಾ, ಬಾಂಬೆ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪನೆಯಾದಾಗ ಅವಕ್ಕೆ ಮಾದರಿಯಾದದ್ದು ಲಂಡನ್ ವಿಶ್ವವಿದ್ಯಾಲಯ. ಪಾಠ ಹೇಳುವುದು ವಿಶ್ವವಿದ್ಯಾಲಯದ ಕೆಲಸವೇ ಆಗಿರಲಿಲ್ಲ. ಪಠ್ಯ ಗೊತ್ತುಮಾಡುವುದು, ಪ್ರಶ್ನೆಪತ್ರಿಕೆ ಕಳಿಸುವುದು, ಪಾಸಾದವರಿಗೆ ಪದವಿ ಕೊಡುವುದು, ಇಷ್ಟೇ. ಕಲಿಸುವ ಹೊಣೆ ಕಾಲೇಜುಗಳದು. ಪರೀಕ್ಷೆಗೆ ಹುಡುಗರನ್ನು ಕಳಿಸುವ ಅನುಮತಿಗೆ ಸಂಯೋಜನೆ ಎಂದು ಹೆಸರು. ಕಲ್ಕತ್ತೆಯ ವಿಶ್ವವಿದ್ಯಾಲಯಕ್ಕೆ ಬರ್ಮಾದಲ್ಲೂ ಸಿಲೋನಿನಲ್ಲೂ ಕಾಲೇಜುಗಳಿದ್ದವು. ಅಷ್ಟು ದೂರದ ಕಾಲೇಜಿನಲ್ಲಿ ಪುಸ್ತಕವಿದೆಯೋ, ಪ್ರಯೋಗಶಾಲೆಯಿದೆಯೋ ಎಂದು ಹೋಗಿ ನೋಡುವವರು ಯಾರು?

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ ಸರಿಯಾಗಿ ಇದಕ್ಕೆ ತಿರುವುಮುರುವಾದ ದಾರಿ ಹಿಡಿಯಿತು. 1871ರಿಂದ ಅಲ್ಲಿನ ಪ್ರಾಧ್ಯಾಪಕರೇ ರಾಜ್ಯದ ಹೈಸ್ಕೂಲುಗಳಿಗೆ ಹೋಗಿ ನೋಡಿ ಬರತೊಡಗಿದರು. ಪಾಠ ಚೆನ್ನಾಗಿ ನಡೆಯುತ್ತಿದೆ ಎನಿಸಿದ ಶಾಲೆಯಿಂದ ಬಂದ ವಿದ್ಯಾರ್ಥಿಗೆ ಪ್ರವೇಶ ಪರೀಕ್ಷೆಯೇ ಬೇಡ ಎಂದರು. ಇಂದು ಜಗತ್ತಿನ ಎಲ್ಲೆಡೆ ನಡೆಯುವ ಕಾಲೇಜು ಮಾನ್ಯತೆಯ ಬೇರುಗಳಲ್ಲಿ ಇದೂ ಒಂದು. ಅಲ್ಲಿ ಶಾಲೆಯನ್ನು ನೋಡಿ ವಿದ್ಯಾರ್ಥಿಯನ್ನು ನಂಬಿದರು; ಇಲ್ಲಿ ವಿದ್ಯಾರ್ಥಿಯನ್ನು ಪರೀಕ್ಷಿಸಿ ಕಾಲೇಜನ್ನು ಅದರ ಪಾಡಿಗೆ ಬಿಟ್ಟರು. ಫೇಲಾದರೆ ತಪ್ಪು ಹುಡುಗನದೇ ಎಂಬ ನಮ್ಮ ಮನೆಮನೆಯ ತೀರ್ಪಿನ ಹಿಂದೆ ಈ ಏರ್ಪಾಡಿನ ಪಾಲೂ ಇದ್ದೀತು.

ಅಮೆರಿಕದಲ್ಲಿ ಇಂಥ ತಪಾಸಣೆಯ ಬಿಸಿ ಜೋರಾಗಿ ತಟ್ಟಿದ್ದು ಮೆಡಿಕಲ್ ಕಾಲೇಜುಗಳಿಗೆ. ಅಬ್ರಹಾಂ ಫ್ಲೆಕ್ಸ್‌ನರ್ ಎಂಬ ಶಿಕ್ಷಣತಜ್ಞ, ಅವರು ವೈದ್ಯರೂ ಅಲ್ಲ, ಅಮೆರಿಕ ಮತ್ತು ಕೆನಡಾದ 155 ವೈದ್ಯಶಾಲೆಗಳನ್ನು ಸುತ್ತಿ 1910ರಲ್ಲಿ ವರದಿ ಪ್ರಕಟಿಸಿದರು. ಹೆಸರಿಗಷ್ಟೇ ಪ್ರಯೋಗಶಾಲೆಯಿದ್ದ, ಫೀಸಿಗಾಗಿಯೇ ನಡೆಯುತ್ತಿದ್ದ ಕಾಲೇಜುಗಳನ್ನು ಊರು, ಹೆಸರು ಸಮೇತ ಬಯಲಿಗೆಳೆದರು. ಮುಂದಿನ ವರ್ಷಗಳಲ್ಲಿ ಹಲವು ಬಾಗಿಲು ಹಾಕಿದವು. ಮುಚ್ಚಿದವುಗಳಲ್ಲಿ ಕರಿಯರಿಗಾಗಿ ಇದ್ದ ಏಳರಲ್ಲಿ ಐದು ಕಾಲೇಜುಗಳೂ ಸೇರಿದ್ದವು ಎಂಬುದನ್ನು ಆ ವರದಿಯನ್ನು ಹೊಗಳುವವರು ಮರೆಯುತ್ತಾರೆ.

ನಮ್ಮಲ್ಲಿ ವೈಸರಾಯ್ ಕರ್ಜನ್ 1904ರ ವಿಶ್ವವಿದ್ಯಾಲಯ ಕಾಯ್ದೆಯಲ್ಲಿ ಸಂಯೋಜನೆಯ ಷರತ್ತುಗಳನ್ನು ಬಿಗಿಮಾಡಿ, ಕಾಲೇಜುಗಳನ್ನು ತಪಾಸಿಸುವ ಅಧಿಕಾರವನ್ನು ವಿಶ್ವವಿದ್ಯಾಲಯಗಳಿಗೆ ಕೊಟ್ಟ. ಮೈಸೂರಿನ ಮಹಾರಾಜ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಆಗ ಮದ್ರಾಸ್ ವಿಶ್ವವಿದ್ಯಾಲಯದ ಕೆಳಗಿದ್ದವು. ಸಂಸ್ಥಾನದ ದುಡ್ಡು, ಸಂಸ್ಥಾನದ ಮೇಷ್ಟರು, ಪದವಿ ಮಾತ್ರ ಮದ್ರಾಸಿನದು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರು ವಿಶ್ವವಿದ್ಯಾಲಯ ತಲೆಯೆತ್ತಿದಾಗ ಈ ಎರಡು ಕಾಲೇಜುಗಳೇ ಅದರ ಆಧಾರಸ್ತಂಭಗಳಾದವು. ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ. ಹೊಸ ವಿಶ್ವವಿದ್ಯಾಲಯ ಪರೀಕ್ಷೆ ನಡೆಸುವ ಕಚೇರಿಯಾಗದೆ ಪಾಠ ಹೇಳುವ ಸಂಸ್ಥೆಯೂ ಆಗಬೇಕೆಂಬ ಆಸೆ ಅದರ ಹುಟ್ಟಿನಲ್ಲೇ ಇತ್ತು. ಮುಂಬೈ ಕರ್ನಾಟಕದವರು ಬಾಂಬೆಯ ಪದವಿಯನ್ನೇ ಇನ್ನಷ್ಟು ಕಾಲ ನೆಚ್ಚಿಕೊಳ್ಳಬೇಕಾಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಬಂದದ್ದು ಸ್ವಾತಂತ್ರ್ಯದ ನಂತರ.

ಸಂಯೋಜನೆ ಎಂಬುದು ಕಾಲೇಜಿನ ಬಗ್ಗೆ ಎಷ್ಟು ಕಡಿಮೆ ಹೇಳುತ್ತದೆ ಎಂಬುದಕ್ಕೆ ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಡಾ. ಟಿ.ಎಂ.ಎ. ಪೈ ಅದನ್ನು 1953ರಲ್ಲಿ ಶುರುಮಾಡಿದರು. ಅಲ್ಲಿ ಓದಿದವರಿಗೆ 1965ರವರೆಗೆ ಧಾರವಾಡದ ಪದವಿ, 1980ರವರೆಗೆ ಮೈಸೂರಿನ ಪದವಿ, 1993ರವರೆಗೆ ಮಂಗಳೂರಿನ ಪದವಿ, ಆಮೇಲೆ ಮಣಿಪಾಲದ್ದೇ ಪರಿಗಣಿತ ವಿಶ್ವವಿದ್ಯಾಲಯದ ಪದವಿ. ಗುಡ್ಡ ಅದೇ, ಆಸ್ಪತ್ರೆ ಅದೇ, ಸರ್ಟಿಫಿಕೇಟಿನ ಮುದ್ರೆ ನಾಲ್ಕು. ಆಡಳಿತದ ಗಡಿ ಸರಿದಂತೆಲ್ಲ ಮುದ್ರೆ ಬದಲಾಯಿತೇ ಹೊರತು ಪಾಠದ ಗುಣದಿಂದಲ್ಲ.

ಮಣಿಪಾಲ ಇನ್ನೊಂದು ದಾರಿಯನ್ನೂ ತೋರಿಸಿತು: ಸರ್ಕಾರದ ದುಡ್ಡಿಲ್ಲದೆ, ವಿದ್ಯಾರ್ಥಿಗಳ ಮನೆಯವರಿಂದಲೇ ಹಣ ಎತ್ತಿ ವೃತ್ತಿ ಶಿಕ್ಷಣದ ಕಾಲೇಜು ಕಟ್ಟಬಹುದು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಆ ದಾರಿಯಲ್ಲಿ ನೂಕುನುಗ್ಗಲು. ಕರ್ನಾಟಕದಲ್ಲಿ ಮಠಗಳು, ಜಾತಿ ಸಂಘಗಳು, ಉದ್ಯಮಿಗಳು, ರಾಜಕಾರಣಿಗಳು ಎಂಜಿನಿಯರಿಂಗ್ ಮತ್ತು ಮೆಡಿಕಲ್ ಕಾಲೇಜುಗಳನ್ನು ತೆರೆದರು. ಉತ್ತರ ಭಾರತದಿಂದ ರೈಲು ತುಂಬ ಹುಡುಗರು ಬಂದರು. ‘ಡೊನೇಷನ್ ಸೀಟು’ ಎಂಬ ಮಾತು ಹಳ್ಳಿಯ ಕಟ್ಟೆಗೂ ಮುಟ್ಟಿತು. 1984ರಲ್ಲಿ ರಾಜ್ಯ ಸರ್ಕಾರ ಕ್ಯಾಪಿಟೇಷನ್ ಶುಲ್ಕ ನಿಷೇಧದ ಕಾಯ್ದೆ ತಂದರೂ ದುಡ್ಡು ಬೇರೆ ಬಾಗಿಲಿನಿಂದ ಒಳಬರುವುದು ನಿಲ್ಲಲಿಲ್ಲ.

ಆಗ ಮೀರತ್‌ನ ಮೋಹಿನಿ ಜೈನ್ ಬಂದರು. ತುಮಕೂರಿನ ಖಾಸಗಿ ಮೆಡಿಕಲ್ ಕಾಲೇಜೊಂದರಲ್ಲಿ ಎಂ.ಬಿ.ಬಿ.ಎಸ್. ಸೀಟಿಗೆ 1991ರಲ್ಲಿ ಅರ್ಜಿ ಹಾಕಿದ್ದ ವಿದ್ಯಾರ್ಥಿನಿ. ಸರ್ಕಾರದ ಅಧಿಸೂಚನೆಯೇ ಶುಲ್ಕ ನಿಗದಿ ಮಾಡಿತ್ತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕನ್ನಡನಾಡಿನ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ಅಷ್ಟು ಕೊಡಲಾಗದೆ ಅವರು ಸುಪ್ರೀಂ ಕೋರ್ಟಿಗೆ ಹೋದರು. ಕ್ಯಾಪಿಟೇಷನ್ ಶುಲ್ಕ ಸಂವಿಧಾನಕ್ಕೆ ವಿರುದ್ಧ ಎಂದು 1992ರ ಜುಲೈನಲ್ಲಿ ತೀರ್ಪು ಬಂತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಫ್ರೀ ಸೀಟು, ಪೇಮೆಂಟ್ ಸೀಟುಗಳ ಲೆಕ್ಕ ಹಾಕಿಕೊಟ್ಟಿತು. 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಆ ಲೆಕ್ಕವನ್ನು ಅಳಿಸಿತು. ಆ ಪ್ರಕರಣದ ಹೆಸರೂ ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ರಾಜ್ಯ. ಭಾರತದಲ್ಲಿ ಖಾಸಗಿ ಕಾಲೇಜಿನ ಕಾನೂನು ಚರಿತ್ರೆ ಬರೆಯಹೊರಟವರು ತುಮಕೂರು, ಮಣಿಪಾಲಗಳನ್ನು ದಾಟದೆ ಮುಂದೆ ಹೋಗಲಾರರು.

ಗಮನಿಸಬೇಕಾದ ಒಂದು ಸಂಗತಿಯಿದೆ. ನ್ಯಾಯಾಲಯಗಳಲ್ಲಿ ಇಷ್ಟೆಲ್ಲ ವಾದ ನಡೆದದ್ದು ಸೀಟು ಯಾರಿಗೆ, ಎಷ್ಟಕ್ಕೆ ಎಂಬುದರ ಮೇಲೆ. ಆ ಸೀಟಿನಲ್ಲಿ ಕೂತ ಮೇಲೆ ಏನು ಸಿಗುತ್ತದೆ ಎಂದು ಕೇಳುವವರು ಕಡಿಮೆ. ಅದನ್ನು ಕೇಳಿದ್ದು 1986ರ ರಾಷ್ಟ್ರೀಯ ಶಿಕ್ಷಣ ನೀತಿ ಮತ್ತು ಅದರ ಬೆನ್ನಿಗೆ ಬಂದ 1992ರ ಕಾರ್ಯಯೋಜನೆ. ಫಲವಾಗಿ 1994ರಲ್ಲಿ ಎರಡು ಸಂಸ್ಥೆಗಳು ಹುಟ್ಟಿದವು. ವಿಶ್ವವಿದ್ಯಾಲಯ ಅನುದಾನ ಆಯೋಗದಿಂದ (ಯುಜಿಸಿ) ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತು, ಅಂದರೆ ನ್ಯಾಕ್. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನಿಂದ (ಎಐಸಿಟಿಇ) ಎಂಜಿನಿಯರಿಂಗ್‌ನಂಥ ಕೋರ್ಸುಗಳಿಗೆ ರಾಷ್ಟ್ರೀಯ ಮಾನ್ಯತಾ ಮಂಡಳಿ, ಅಂದರೆ ಎನ್‌ಬಿಎ. ನ್ಯಾಕ್ ಕೇಂದ್ರ ಕಚೇರಿ ದೆಹಲಿಯಲ್ಲಿಲ್ಲ, ಬೆಂಗಳೂರಿನ ನಾಗರಭಾವಿಯಲ್ಲಿದೆ. ಮೊದಲ ನಿರ್ದೇಶಕರು ಭೌತವಿಜ್ಞಾನಿ ಅರುಣ್ ನಿಗವೇಕರ್.

ಮೊದಲಿಗೆ ಯಾರೂ ಮುಂದೆ ಬರಲಿಲ್ಲವೆಂದರೂ ನಡೆಯುತ್ತದೆ. ನಮ್ಮ ಕಾಲೇಜಿಗೆ ಅಂಕ ಹಾಕಲು ಇವರು ಯಾರು ಎಂಬ ಗತ್ತು ಹಳೆಯ ಸಂಸ್ಥೆಗಳಿಗೆ, ಅಂಕ ಕಡಿಮೆ ಬಂದೀತೆಂಬ ಅಳುಕು ಹೊಸವಕ್ಕೆ. ಆರಂಭದಲ್ಲಿ ಅಂಕವೆಂದರೆ ನಕ್ಷತ್ರ; ಮೈಸೂರು ವಿಶ್ವವಿದ್ಯಾಲಯಕ್ಕೆ 2000ದಲ್ಲಿ ಐದು ನಕ್ಷತ್ರ ಬಂತು. ಆಮೇಲೆ ಅಕ್ಷರಗಳು, 2007ರಿಂದ ನಾಲ್ಕಕ್ಕೆ ಲೆಕ್ಕ ಹಾಕುವ ಸಿಜಿಪಿಎ, 2016ರಿಂದ ಎ ಡಬಲ್ ಪ್ಲಸ್‌ನಿಂದ ಹಿಡಿದು ಸಿವರೆಗೆ ಏಳು ದರ್ಜೆ, ಡಿ ಬಂದರೆ ಮಾನ್ಯತೆ ಇಲ್ಲ. 3.51 ಮುಟ್ಟಿದರೆ ಎ ಡಬಲ್ ಪ್ಲಸ್, 1.50 ಮೀರದಿದ್ದರೆ ಡಿ. ಎಸ್ಸೆಸ್ಸೆಲ್ಸಿ ಹುಡುಗನಿಗೆ ಅರ್ಧ ಅಂಕಕ್ಕೆ ಆಗುವ ಸಂಕಟವೇ ಈಗ ಪ್ರಾಂಶುಪಾಲರಿಗೂ.

ಗತ್ತು ಇಳಿದದ್ದು ದುಡ್ಡು ಬಂದಾಗ. 2013ರಲ್ಲಿ ಯುಜಿಸಿ ಮಾನ್ಯತೆಯನ್ನು ಕಡ್ಡಾಯ ಮಾಡುವ ನಿಯಮ ಹೊರಡಿಸಿತು. ಅದೇ ವರ್ಷ ಶುರುವಾದ ಕೇಂದ್ರ ಸರ್ಕಾರದ ರೂಸಾ ಯೋಜನೆ ರಾಜ್ಯಗಳ ಕಾಲೇಜುಗಳಿಗೆ ಕೊಡುವ ಅನುದಾನವನ್ನು ಮಾನ್ಯತೆಗೆ ಗಂಟುಹಾಕಿತು. ಸ್ವಾಯತ್ತತೆ ಬೇಕಾದರೂ ನ್ಯಾಕ್, ಆನ್‌ಲೈನ್ ಪದವಿ ನಡೆಸಬೇಕಾದರೂ ನ್ಯಾಕ್. ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲೂ ‘ನ್ಯಾಕ್ ಬರ್ತಿದೆ’ ಎಂಬ ಮಾತು ಕೇಳಿದೊಡನೆ ಗೋಡೆಗೆ ಸುಣ್ಣಬಣ್ಣ ಬೀಳುತ್ತದೆ, ಶೌಚಾಲಯದ ನಲ್ಲಿಯಲ್ಲಿ ನೀರು ಬರುತ್ತದೆ, ಐಕ್ಯೂಎಸಿ, ಅಂದರೆ ಆಂತರಿಕ ಗುಣಮಟ್ಟ ಖಾತರಿ ಕೋಶದ, ಸಂಚಾಲಕರ ಮೇಜಿನ ಮೇಲೆ ಫೈಲುಗಳ ಬೆಟ್ಟ ಏಳುತ್ತದೆ. ತಂಡ ಬರುವ ದಿನ ಹುಡುಗಿಯರು ಸೀರೆಯುಟ್ಟು ರಂಗೋಲಿ ಹಾಕುತ್ತಾರೆ, ಸಂಜೆಗೆ ಡೊಳ್ಳು ಕುಣಿತವೋ ಭರತನಾಟ್ಯವೋ ಇರುತ್ತದೆ. ಮಾನ್ಯತೆಯ ಕಥೆಯಲ್ಲಿ ವಿದ್ಯಾರ್ಥಿ ಕಣ್ಣಿಗೆ ಬೀಳುವುದು ಹೆಚ್ಚಾಗಿ ಇಲ್ಲಿಯೇ, ರಂಗೋಲಿಯ ಪಕ್ಕದಲ್ಲಿ.

ತಮಾಷೆ ಎನಿಸಿದರೂ ಅಳೆಯುವ ವಿಷಯಗಳು ತಮಾಷೆಯವಲ್ಲ. ಏಳು ಮಾನದಂಡಗಳು: ಪಠ್ಯಕ್ರಮ, ಬೋಧನೆ ಮತ್ತು ಮೌಲ್ಯಮಾಪನ, ಸಂಶೋಧನೆ, ಮೂಲಸೌಕರ್ಯ, ವಿದ್ಯಾರ್ಥಿಗಳಿಗೆ ನೆರವು, ಆಡಳಿತ, ಸಂಸ್ಥೆಯ ಮೌಲ್ಯಗಳು. ಒಟ್ಟು ಸಾವಿರ ಅಂಕ. ಸಂಯೋಜಿತ ಕಾಲೇಜು ತನ್ನ ಪಠ್ಯವನ್ನು ತಾನೇ ಬರೆಯುವಂತಿಲ್ಲವಾದ್ದರಿಂದ 2017ರ ಚೌಕಟ್ಟಿನಲ್ಲಿ ಅದಕ್ಕೆ ಬೋಧನೆಯ ಪಾಲೇ 350 ಅಂಕ. ವಿಶ್ವವಿದ್ಯಾಲಯಕ್ಕಾದರೆ ಬೋಧನೆಗೆ 200, ಸಂಶೋಧನೆಗೆ 250. ಮಂಜೂರಾದ ಹುದ್ದೆಗಳಲ್ಲಿ ಎಷ್ಟು ಭರ್ತಿಯಾಗಿವೆ, ಒಬ್ಬ ಅಧ್ಯಾಪಕರಿಗೆ ಎಷ್ಟು ವಿದ್ಯಾರ್ಥಿಗಳು, ಎಷ್ಟು ಮಂದಿ ಪಾಸಾದರು, ಎಷ್ಟು ಮಂದಿ ಕೆಲಸಕ್ಕೋ ಮುಂದಿನ ಓದಿಗೋ ಹೋದರು, ಎಲ್ಲವೂ ದಾಖಲೆ ಸಮೇತ ಬೇಕು. ವಿದ್ಯಾರ್ಥಿಗಳಿಗೆ ನೇರವಾಗಿ ಇಮೇಲ್ ಕಳಿಸಿ ಅಭಿಪ್ರಾಯ ಕೇಳುವ ಸಮೀಕ್ಷೆಯೂ ಆಗಲೇ ಸೇರಿತು. ಅತಿಥಿ ಉಪನ್ಯಾಸಕರನ್ನೇ ನೆಚ್ಚಿಕೊಂಡ ಕರ್ನಾಟಕದ ಕಾಲೇಜುಗಳಿಗೆ ಹುದ್ದೆ ಭರ್ತಿಯ ಕಾಲಂ ಯಾವತ್ತೂ ನೋಯುವ ಜಾಗ.

ಹುಡುಗನ ಕೈಗೆ ಇದರಿಂದ ಬರುವುದೇನು? ಉತ್ತರ ಹುಡುಕಲು ಮೂರು ಮುದ್ರೆಗಳನ್ನು ಬೇರೆಬೇರೆಯಾಗಿ ನೋಡಬೇಕು. ಪದವಿ ಕೊಡುವ ಹಕ್ಕು ವಿಶ್ವವಿದ್ಯಾಲಯಕ್ಕೆ ಇದೆಯೇ ಎಂಬುದು ಯುಜಿಸಿಯ ಮನ್ನಣೆ. ಆ ವಿಶ್ವವಿದ್ಯಾಲಯದ ಪರೀಕ್ಷೆಗೆ ಕಾಲೇಜು ವಿದ್ಯಾರ್ಥಿಗಳನ್ನು ಕಳಿಸಬಹುದೇ ಎಂಬುದು ಸಂಯೋಜನೆ. ಇದಕ್ಕಾಗಿ ವಿಶ್ವವಿದ್ಯಾಲಯದ ಎಲ್‌ಐಸಿ, ಅಂದರೆ ಸ್ಥಳೀಯ ವಿಚಾರಣಾ ಸಮಿತಿ, ಕಾಲೇಜಿಗೆ ಬರುತ್ತದೆ. ಒಳಗೆ ನಡೆಯುವ ಪಾಠ ಹೇಗಿದೆ ಎಂಬುದು ನ್ಯಾಕ್ ಅಥವಾ ಎನ್‌ಬಿಎ ಮಾತು. ಅಡ್ಮಿಷನ್ ಕಾಲದ ಜಾಹೀರಾತುಗಳು ಮೂರನ್ನೂ ಒಂದೇ ಸಾಲಿನಲ್ಲಿ ಹೊಸೆದು ‘ಸರ್ಕಾರದಿಂದ ಮಾನ್ಯತೆ ಪಡೆದ’ ಎಂದು ಬರೆಯುತ್ತವೆ. ಮೊದಲನೆಯದು ಇಲ್ಲದಿದ್ದರೆ ಉಳಿದವಕ್ಕೆ ಬೆಲೆಯಿಲ್ಲ. ಯುಜಿಸಿ ಹೊರಡಿಸುವ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಗೋಕಾಕದ ಒಂದು ‘ಮುಕ್ತ ವಿಶ್ವವಿದ್ಯಾಲಯ’ದ ಹೆಸರು ವರ್ಷಗಟ್ಟಲೆ ಅಚ್ಚಾಗಿದೆ.

ನಕಲಿಯಲ್ಲದ ಕಡೆಯೂ ಪೆಟ್ಟು ಬೀಳಬಹುದೆಂದು ಕನ್ನಡಿಗರಿಗೆ ಮನವರಿಕೆಯಾದದ್ದು 2015ರಲ್ಲಿ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಶಾಸನದಿಂದಲೇ 1996ರಲ್ಲಿ ಹುಟ್ಟಿದ ಸಂಸ್ಥೆ. ರಾಜ್ಯದ ಗಡಿ ಮೀರಿ, ಖಾಸಗಿ ಸಂಸ್ಥೆಗಳೊಂದಿಗೆ ಕೈಜೋಡಿಸಿ, ತಾಂತ್ರಿಕ ಕೋರ್ಸುಗಳನ್ನೂ ನಡೆಸಿತೆಂಬ ಕಾರಣಕ್ಕೆ 2012–13ರ ನಂತರದ ಕೋರ್ಸುಗಳಿಗೆ ಮನ್ನಣೆಯಿಲ್ಲ ಎಂದು ಯುಜಿಸಿ ಪ್ರಕಟಿಸಿತು. ಆ ಹೊತ್ತಿಗೆ ಸೇರಿದ್ದವರು ಫೀಸು ಕಟ್ಟಿಯಾಗಿತ್ತು, ಪರೀಕ್ಷೆ ಬರೆದಾಗಿತ್ತು. ಕೆಲಸದ ಜೊತೆಗೆ ಓದುತ್ತಿದ್ದ ಗುಮಾಸ್ತರು, ಮದುವೆಯಾಗಿ ನಿಂತ ಓದನ್ನು ಮತ್ತೆ ಹಿಡಿದ ಹೆಂಗಸರು, ಬಡ್ತಿಗೆ ಕಾಯುತ್ತಿದ್ದ ಶಿಕ್ಷಕರು ಬೀದಿಗಿಳಿದರು. ಮನ್ನಣೆ ಮರಳಿದ್ದು 2018–19ರಿಂದ. 2022ರಲ್ಲಿ ಅದೇ ವಿಶ್ವವಿದ್ಯಾಲಯ ನ್ಯಾಕ್‌ನಿಂದ ಎ ಪ್ಲಸ್ ಪಡೆಯಿತು. ನಡುವಿನ ವರ್ಷಗಳಲ್ಲಿ ಓದಿದವರಿಗೆ ಆ ಎ ಪ್ಲಸ್‌ನಿಂದ ಏನೂ ದಕ್ಕಲಿಲ್ಲ.

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಎನ್‌ಬಿಎ ಮುಖ್ಯ. ಅದು ಕಾಲೇಜಿಗೆ ಕೊಡುವುದಲ್ಲ, ಕೋರ್ಸಿಗೆ ಕೊಡುವುದು. ಒಂದೇ ಕಟ್ಟಡದಲ್ಲಿ ಸಿವಿಲ್‌ಗೆ ಇದ್ದು ಕಂಪ್ಯೂಟರ್ ಸೈನ್ಸ್‌ಗೆ ಇಲ್ಲದಿರಬಹುದು. 2014ರ ಜೂನ್‌ನಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯವಾಯಿತು. ಸದಸ್ಯ ದೇಶಗಳು ಪರಸ್ಪರರ ಎಂಜಿನಿಯರಿಂಗ್ ಪದವಿಯನ್ನು ಸರಿಸಮವೆಂದು ಒಪ್ಪುವ ಕರಾರು ಇದು. ಆದರೆ ಎನ್‌ಬಿಎ ಮಾನ್ಯತೆ ಎರಡು ಬಗೆಯದು. ವಿಶ್ವವಿದ್ಯಾಲಯಗಳು, ಸ್ವಾಯತ್ತ ಕಾಲೇಜುಗಳು ಟಿಯರ್ ಒನ್. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪಠ್ಯವನ್ನೇ ಅನುಸರಿಸುವ ಸಾಮಾನ್ಯ ಸಂಯೋಜಿತ ಕಾಲೇಜುಗಳು ಟಿಯರ್ ಟೂ. ಒಪ್ಪಂದದ ಲಾಭ ಟಿಯರ್ ಒನ್‌ಗೆ ಮಾತ್ರ. ಕರಪತ್ರದಲ್ಲಿ ‘ಎನ್‌ಬಿಎ’ ಎಂಬ ಮೂರಕ್ಷರ ದಪ್ಪಗೆ ಅಚ್ಚಾಗಿರುತ್ತದೆ, ಟಿಯರ್ ಯಾವುದು ಎಂಬುದು ಎಷ್ಟೋ ಕಡೆ ಇರುವುದಿಲ್ಲ. ಆಸ್ಟ್ರೇಲಿಯಾಕ್ಕೋ ಕೆನಡಾಕ್ಕೋ ಹೋಗಿ ಎಂಜಿನಿಯರ್ ಎಂದು ನೋಂದಾಯಿಸಿಕೊಳ್ಳಲು ಹೊರಟವರಿಗೆ ಅದು ಗೊತ್ತಾಗುವುದು ಅರ್ಜಿ ತುಂಬುವಾಗ.

ಬಿ.ಕಾಂ., ಬಿ.ಎಸ್‌ಸಿ. ಮಾಡಿದವರಿಗೂ ಇಂಥದೇ ಒಂದು ತಿರುವಿದೆ. ಅಮೆರಿಕದ ಪದವಿ ನಾಲ್ಕು ವರ್ಷದ್ದು, ನಮ್ಮದು ಮೂರು. ವಿದೇಶಿ ಪದವಿಗಳನ್ನು ತೂಗಿ ಹೇಳುವ ವರ್ಲ್ಡ್ ಎಜುಕೇಷನ್ ಸರ್ವಿಸಸ್ ಎಂಬ ಸಂಸ್ಥೆ, ನ್ಯಾಕ್ ಎ ದರ್ಜೆಯ ಸಂಸ್ಥೆಯಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾದವರ ಮೂರು ವರ್ಷದ ಪದವಿಯನ್ನು ಅಲ್ಲಿನ ಪದವಿಗೆ ಸಮವೆಂದು ಪರಿಗಣಿಸತೊಡಗಿತು. ರಂಗೋಲಿ ಹಾಕಿಸಿಕೊಂಡ ಆ ಅಕ್ಷರ ಹೀಗೆ ಯಾರದೋ ವೀಸಾ ಕಡತಕ್ಕೂ ಹೋಗಿ ಕೂರುತ್ತದೆ.

ಅಕ್ಷರಕ್ಕೆ ಇಷ್ಟು ಬೆಲೆ ಬಂದಾಗ ಅದನ್ನು ಕೊಳ್ಳಲು ಹೊರಡುವವರೂ ಬಂದರು. ನ್ಯಾಕ್ ಕಾರ್ಯಕಾರಿ ಸಮಿತಿಯ ಅಧ್ಯಕ್ಷರಾಗಿದ್ದ ಭೂಷಣ್ ಪಟವರ್ಧನ್, ಕೆಲವು ಸಂಸ್ಥೆಗಳು ಅಡ್ಡದಾರಿಯಿಂದ ದರ್ಜೆ ಪಡೆಯುತ್ತಿವೆ ಎಂದು ದೂರಿ 2023ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟರು. 2025ರ ಫೆಬ್ರುವರಿಯಲ್ಲಿ ಆಂಧ್ರದ ಪರಿಗಣಿತ ವಿಶ್ವವಿದ್ಯಾಲಯವೊಂದಕ್ಕೆ ಎ ಡಬಲ್ ಪ್ಲಸ್ ಕೊಡಲು ನಗದು, ಲ್ಯಾಪ್‌ಟಾಪು, ಫೋನು ಕೈಬದಲಾದ ಆರೋಪದ ಮೇಲೆ ಸಿಬಿಐ ಹತ್ತು ಮಂದಿಯನ್ನು ಬಂಧಿಸಿತು. ಅವರಲ್ಲಿ ತಪಾಸಣೆಗೆ ಹೋದ ತಂಡದವರೂ ಇದ್ದರು, ಕರ್ನಾಟಕದ ಪ್ರಾಧ್ಯಾಪಕರೊಬ್ಬರೂ ಇದ್ದರು. 2017ರಿಂದ ಸುಮಾರು ಶೇ 70ರಷ್ಟು ಅಂಕವನ್ನು ಆನ್‌ಲೈನ್ ದಾಖಲೆಗಳ ಆಧಾರದ ಮೇಲೆ, ಉಳಿದದ್ದನ್ನು ಮಾತ್ರ ತಂಡದ ಭೇಟಿಯ ಮೇಲೆ ಕೊಡುವ ಕ್ರಮ ಬಂದದ್ದು ಮನುಷ್ಯರ ಮುಲಾಜು ಕಡಿಮೆಯಾಗಲೆಂದೇ. ದಾಖಲೆಯನ್ನೂ ಸಿಂಗರಿಸಬಹುದು, ಉಳಿದ ಶೇ 30ಕ್ಕೂ ಬೆಲೆ ಕಟ್ಟಬಹುದು ಎಂದು ಅಲ್ಲಿಂದೀಚಿನ ವರ್ಷಗಳು ತೋರಿಸಿವೆ. ಹಾಗಾಗಿ ಅಕ್ಷರಕ್ಕಿಂತ ಅದರ ಹಿಂದಿನ ವರದಿಯೇ ಮೇಲು. ಕಾಲೇಜಿನ ಸ್ವಯಂ ಅಧ್ಯಯನ ವರದಿಯೂ ತಂಡದ ವರದಿಯೂ ಜಾಲತಾಣದಲ್ಲಿ ಯಾರಿಗಾದರೂ ಸಿಗುವಂಥವು. ಅಡ್ಮಿಷನ್‌ಗೆ ಮುಂಚೆ ಅವನ್ನು ತೆರೆದು ಹುದ್ದೆಗಳ ಸಂಖ್ಯೆ, ಪಾಸಾದವರ ಪ್ರಮಾಣ ನೋಡುವ ತಂದೆತಾಯಿ ಅಪರೂಪ. ಹಾಸ್ಟೆಲ್ ಊಟದ ಬಗ್ಗೆ ವಿಚಾರಿಸುವವರು ಬಹಳ.

ಇಸ್ರೊ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ಸಮಿತಿಯ ಶಿಫಾರಸಿನಂತೆ, ಅಕ್ಷರಗಳನ್ನೇ ಕೈಬಿಟ್ಟು ‘ಮಾನ್ಯತೆ ಇದೆ’ ಅಥವಾ ‘ಇಲ್ಲ’ ಎಂದಷ್ಟೇ ಹೇಳುವ ಪದ್ಧತಿಗೆ ಹೋಗುವುದಾಗಿ ನ್ಯಾಕ್ 2024ರ ಜನವರಿಯಲ್ಲಿ ಪ್ರಕಟಿಸಿತು. ಅದರ ಮೇಲೆ, ಬೇಕೆಂದವರಿಗೆ ಒಂದರಿಂದ ಐದರವರೆಗಿನ ಹಂತಗಳು. ಇತ್ತ 2020ರ ರಾಷ್ಟ್ರೀಯ ಶಿಕ್ಷಣ ನೀತಿ 1857ರ ಸಂಯೋಜನಾ ಪದ್ಧತಿಯನ್ನೇ ಹದಿನೈದು ವರ್ಷಗಳಲ್ಲಿ ಹಂತಹಂತವಾಗಿ ಮುಗಿಸಬೇಕೆಂದಿದೆ. ಆ ನೀತಿಯನ್ನು ಮೊದಲು ಜಾರಿಗೆ ತಂದ ಕರ್ನಾಟಕ 2024ರಲ್ಲಿ ಅದರ ನಾಲ್ಕು ವರ್ಷದ ಪದವಿ ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಸದ್ಯಕ್ಕೆ ರಾಜ್ಯದ ಕಾಲೇಜುಗಳಿಗೆ ವಿಶ್ವವಿದ್ಯಾಲಯದ ಎಲ್‌ಐಸಿಯೂ ಬರುತ್ತಿದೆ, ನ್ಯಾಕ್ ಲೆಕ್ಕವೂ ನಡೆಯುತ್ತಿದೆ. ಎರಡಕ್ಕೂ ಬೇರೆಬೇರೆ ಫೈಲು, ಫೋಟೊ ತೆಗೆಸುವ ಗ್ರಂಥಾಲಯ ಮಾತ್ರ ಒಂದೇ.